ಅರಮನೆ ಬಾಗಿಲಲ್ಲಿ ನನ್ನ ಬೂಟು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಅರಮನೆ ನೋಡಲು ಹೋದ ದಿನ ಒಳ್ಳೆಯ ಬಿಸಿಲಿತ್ತೆಂದು ನನ್ನ ನೆನಪು. ಆದರೆ ಆ ದಿನದ ಫೋಟೋದಲ್ಲಿ ನಾನು ಕೊಡೆ ಹಿಡಿದು ನಿಂತಿದ್ದೇನೆ. ರೈಲು ಎರಡು ಸಲ ಬದಲಿಸಿದೆವು ಎಂದು ನಾನು, ಮೂರು ಸಲ ಎಂದು ಜೊತೆಗೆ ಬಂದಿದ್ದ ಗೌರಿ. ದಿನಚರಿ ಬರೆಯುವ ಅಭ್ಯಾಸವಿರುವವಳಿಗೆ ಇಂಥ ತಕರಾರು ಯಾಕೆ ಎಂದು ನೀವು ಕೇಳಬಹುದು. ನಾನೂ ಹಾಗೆಂದುಕೊಂಡೇ ಆ ದಿನದ ಪುಟ ತೆಗೆದು ನೋಡಿದೆ. "ಅರಮನೆ ನೋಡಿ ಬಂದೆವು. ದೊಡ್ಡದಾಗಿದೆ. ಕಾಲು ತಣ್ಣಗಾಯಿತು" ಎಂದಿದೆ. ಎರಡು ಪದವಿ ಪಡೆದವಳೊಬ್ಬಳು ಒಂದು ರಾಜವಂಶದ ವೈಭವವನ್ನೆಲ್ಲ ಕಣ್ಣಾರೆ ಕಂಡು ಬರೆದಿಟ್ಟ ಸಾಕ್ಷ್ಯ ಇಷ್ಟು.

ಈ ಮೂರು ವಾಕ್ಯಗಳಲ್ಲಿ ಮೂರನೆಯದು ಮಾತ್ರ ಖಂಡಿತ ನಿಜ. ನಾನು ಬರೆಯಹೊರಟಿರುವುದು ಅದರ ಬಗ್ಗೆಯೇ.

ನಾನು ಜರ್ಮನಿಗೆ ಓದಲು ಹೋದದ್ದು ಅಂತರ್ಜಲದ ವಿಷಯ. ಹರಪನಹಳ್ಳಿಯಲ್ಲಿ ಬೆಳೆದವರಿಗೆ ನೆಲದ ಕೆಳಗಿನ ನೀರಿನ ಬಗ್ಗೆ ಕುತೂಹಲ ಹುಟ್ಟುವುದು ಸಹಜ. ಕಣ್ಣಿಗೆ ಕಾಣದ್ದರ ಬಗ್ಗೆ ಯಾರಿಗಾದರೂ ಹುಟ್ಟುತ್ತದೆ. ಅದಕ್ಕೆ ಅಷ್ಟು ದೂರ ಹೋಗಬೇಕೇ ಎಂದು ನಮ್ಮ ಬೀದಿಯಲ್ಲಿ ಕೇಳದವರಿಲ್ಲ. ವರ್ಷವಿಡೀ ಆಕಾಶ ಸೋರುವ ದೇಶದಲ್ಲಿ ಕೂತು ಒಣಗಿದ ಕೊಳವೆ ಬಾವಿಗಳ ಲೆಕ್ಕ ಮಾಡುವುದರಲ್ಲಿ ಒಂದು ಅನುಕೂಲವಂತೂ ಇದೆ, ಬಾಯಾರುವುದಿಲ್ಲ.

ಅಲ್ಲಿ ಸೀಟು ಸಿಗಬೇಕಾದರೆ ಒಂದು ಪತ್ರ ಬರೆದುಕೊಡಬೇಕು. ಈ ವಿಷಯವನ್ನೇ ಯಾಕೆ ಆರಿಸಿಕೊಂಡಿರಿ, ನಿಮ್ಮ ಬದುಕಿನಲ್ಲಿ ಇದರ ಬೇರು ಎಲ್ಲಿದೆ ಎಂದು ಎರಡು ಪುಟ. ಬೇರಿಲ್ಲದವರಿಗೆ ಸೀಟಿಲ್ಲ. ನಾನು ಬಹಳ ಯೋಚಿಸಿ ನಮ್ಮಜ್ಜನನ್ನು ಕರೆತಂದೆ.

ಅಜ್ಜನ ಊರು ಹರಪನಹಳ್ಳಿಯಿಂದ ಹಲವಾಗಲು ಕಡೆಗೆ ಹೋಗುವ ದಾರಿಯಲ್ಲಿ ಸಿಗುತ್ತದೆ. ಹೆಸರು ಬೇಡ. ಊರಿಗೆಲ್ಲ ಮೆಟ್ಟು ಹೊಲಿದುಕೊಡುವುದು ಅವನ ಕಸುಬು. ನನಗೆ ಆರು ವರ್ಷವಿದ್ದಾಗಿನ ಮಾತು. ರಜೆಗೆ ಹೋದಾಗ ಅವನು ನನ್ನನ್ನು ಕರೆದುಕೊಂಡು ಊರೊಳಗೆ ಹೊರಡುತ್ತಿದ್ದ. ಒಂದು ಬೇವಿನ ಮರ ಬಂದ ಕೂಡಲೇ ನಿಂತು, ಕಾಲಿನ ಮೆಟ್ಟು ಬಿಚ್ಚಿ, ಒಂದನ್ನು ತಾನು ಕಂಕುಳಲ್ಲಿ ಇಟ್ಟುಕೊಂಡು ಇನ್ನೊಂದನ್ನು ನನ್ನ ಕೈಗೆ ಕೊಡುತ್ತಿದ್ದ. ನನ್ನ ಪುಟ್ಟ ಚಪ್ಪಲಿಗಳು ಅವನ ಅಂಗಿಯ ಜೇಬಿಗೆ. "ನೆಲ ತಣ್ಣಗೈತಿ ನೋಡು. ಮೆಲ್ಲಕ ಬಾ. ಸಪ್ಪಳಾದ್ರ ನೀ ಸೋತಂಗ" ಎನ್ನುತ್ತಿದ್ದ. ಇಬ್ಬರೂ ಬೆಕ್ಕಿನಂತೆ ನಡೆದು ಹೋಗುತ್ತಿದ್ದೆವು. ಪ್ರತಿ ಸಲವೂ ನಾನೇ ಗೆಲ್ಲುತ್ತಿದ್ದೆ.

ಪತ್ರದಲ್ಲಿ ಇದನ್ನು ಸ್ವಲ್ಪ ತೊಳೆದು ಇಸ್ತ್ರಿ ಮಾಡಿ ಇಟ್ಟೆ. "ಮಣ್ಣಿನ ತೇವವನ್ನು ಬರಿಯ ಪಾದದಿಂದ ಓದುವುದನ್ನು ನನ್ನ ತಾತ ಕಲಿಸಿದರು" ಎಂದು ಬರೆದೆ. ಅಜ್ಜ ತಾತನಾದ, ಆಟ ಜ್ಞಾನಪರಂಪರೆಯಾಯಿತು. ಓದಿದ ಪ್ರಾಧ್ಯಾಪಕರೊಬ್ಬರಿಗೆ ಕಣ್ಣು ತುಂಬಿತ್ತಂತೆ. ಮುಂದೆ ಅವರೇ ನನ್ನ ಮಾರ್ಗದರ್ಶಕರಾದರು. ಯಾರಿಗಾದರೂ ನನ್ನನ್ನು ಪರಿಚಯಿಸುವಾಗಲೆಲ್ಲ ಅಜ್ಜನ ಪಾದದ ಸುದ್ದಿ ತೆಗೆಯುತ್ತಿದ್ದರು. ನಾನು ತಲೆ ತಗ್ಗಿಸಿ ನಗುತ್ತಿದ್ದೆ. ವಿನಯವೂ ಪಠ್ಯಕ್ರಮದ ಭಾಗವೇ.

ಆ ಬೇವಿನ ಮರ ಯಾರ ಮನೆಯ ಮುಂದೆ ಇತ್ತೆಂದು ಪತ್ರದಲ್ಲಿ ಬರೆಯಲಿಲ್ಲ. ನಿಮಗೆ ಇಷ್ಟರಲ್ಲೇ ಗೊತ್ತಾಗಿರಬೇಕು. ಸ್ನಾತಕೋತ್ತರ ಪದವಿ ಇಲ್ಲದವರಿಗೆ ಕೆಲವು ಸಂಗತಿ ಬೇಗ ಗೊತ್ತಾಗುತ್ತದೆ.

ಗೌರಿಯ ಪರಿಚಯ ಮಾಡಿಕೊಡುತ್ತೇನೆ. ನನ್ನ ಪಕ್ಕದ ಕೋಣೆಯವಳು, ಕೊಟ್ಟೂರಿನ ಹುಡುಗಿ. ಅವರದು ತಲೆತಲಾಂತರದ ಕಾಳುಕಡಿ ವ್ಯಾಪಾರ. ಹರಪನಹಳ್ಳಿಯಿಂದ ಕೊಟ್ಟೂರಿಗೆ ಬಸ್ಸಿನಲ್ಲಿ ಒಂದು ತಾಸಿನ ದಾರಿ. ನಾವಿಬ್ಬರೂ ಒಬ್ಬರನ್ನೊಬ್ಬರು ಮಾತಾಡಿಸಲು ಏಳು ಸಮುದ್ರ ದಾಟಬೇಕಾಯಿತು. ಅಲ್ಲಿ ಹೋದ ಮೇಲೆ ಅವಳ ಡಬ್ಬಿಯ ಶೇಂಗಾ ಚಟ್ನಿಪುಡಿ ನನ್ನದು, ನನ್ನ ಡಬ್ಬಿಯ ಖಾರಬ್ಯಾಳಿ ಅವಳದು. ಊರಿನಲ್ಲಿದ್ದಿದ್ದರೆ ಈ ವ್ಯವಹಾರ ಇಷ್ಟು ಸಲೀಸಾಗಿ ಕುದುರುತ್ತಿತ್ತೋ ಇಲ್ಲವೋ ಎಂದು ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಪರದೇಶದ ದೊಡ್ಡ ಗುಣವೆಂದರೆ ಅಲ್ಲಿ ಎಲ್ಲರೂ ನಮ್ಮಿಬ್ಬರನ್ನೂ ಒಂದೇ ಸಮನಾಗಿ ಅನುಮಾನಿಸುತ್ತಾರೆ.

ಒಂದು ರಜೆಯ ದಿನ ಇಬ್ಬರೂ ಅರಮನೆ ನೋಡಲು ಹೊರಟೆವು. ಬೆಳಿಗ್ಗೆ ಹೋಗಿ ಸಂಜೆಗೆ ಬರುವ ದೂರ. ಅರಮನೆಯ ಹೆಸರನ್ನು ನಾನು ಒಂದು ಸಲವೂ ಸರಿಯಾಗಿ ಉಚ್ಚರಿಸಿಲ್ಲ, ಆದ್ದರಿಂದ ಬರೆಯುವುದೂ ಇಲ್ಲ. ರೈಲಿನಲ್ಲಿ ಬ್ರೆಡ್ಡಿಗೆ ಚಟ್ನಿಪುಡಿ ಸವರಿಕೊಂಡು ತಿನ್ನುತ್ತಾ ಗೌರಿ ಕೇಳಿದಳು.

"ಲೇ, ನೀ ಅರಮನಿ ಪರಮನಿ ಏನಾದ್ರೂ ನೋಡೀಯಾ ಮೊದ್ಲ?"

"ನೋಡೀನಿ. ನಮ್ಮಜ್ಜನ ಊರಾಗ ಐತಿ."

"ಖರೇನಾ? ಯಾವ ರಾಜಂದು?"

"ರಾಜ ಇಲ್ಲ. ಗೌಡ್ರದು. ಎಲ್ಲಾರೂ ಅರಮನಿ ಅಂತಾರ."

"ಒಳಗ ಹೋಗೀಯೇನು?"

"ಹೋಗದ ಏನು. ಎಲ್ಲಾ ತಿರುಗಾಡೀನಿ. ತೂಗುಮಂಚ ಐತಿ, ಆಳೆತ್ತರ ಕನ್ನಡಿ ಅದಾವು, ಕಂಬಕ್ಕೆಲ್ಲ ಕೆತ್ತನಿ."

ಸುಳ್ಳು ಹೇಳುತ್ತಿದ್ದೇನೆ ಎಂಬ ಅನುಮಾನ ಲವಲೇಶವೂ ನನಗಿರಲಿಲ್ಲ. ನಮ್ಮೂರಿನ ಆ ಎರಡಂತಸ್ತಿನ ಕಲ್ಲುಮನೆಯನ್ನು ಎಲ್ಲರೂ ಅರಮನಿ ಎಂದೇ ಕರೆಯುತ್ತಿದ್ದರು. ರಾಜ ಇಲ್ಲ ಎಂಬುದು ಒಂದು ಸಣ್ಣ ಕೊರತೆ. ಅದು ಯಾರಿಗೂ ಅನ್ನಿಸದಂತೆ ಗೌಡರು ನೋಡಿಕೊಂಡಿದ್ದರು. ಅಜ್ಜನ ಜೊತೆ ನಾನು ಬೆಕ್ಕಿನ ಹೆಜ್ಜೆ ಇಟ್ಟು ಹೋಗುತ್ತಿದ್ದುದು ಅಲ್ಲಿಗೇ. ಹೊಲಿದ ಮೆಟ್ಟು ಕೊಡಲು, ಕಿತ್ತ ಮೆಟ್ಟು ತರಲು.

ಜರ್ಮನಿಯ ಅರಮನೆಯ ಮುಂದೆ ದೊಡ್ಡ ತೋಟವಿತ್ತು. ಗಿಡಗಳನ್ನೆಲ್ಲ ಶಾಲೆಯ ಮಕ್ಕಳಂತೆ ಒಂದೇ ಎತ್ತರಕ್ಕೆ ಕತ್ತರಿಸಿ ಸಾಲಾಗಿ ನಿಲ್ಲಿಸಿದ್ದರು. ಒಳಗೆ ಹೋಗುವವರ ಸಾಲು ಒಂದು ದೊಡ್ಡ ಮರದ ಕೆಳಗಿನಿಂದ ಶುರುವಾಗಿತ್ತು. ಅಲ್ಲಿಂದ ಬಾಗಿಲಿಗೆ ಐವತ್ತು ಹೆಜ್ಜೆ, ನಡುವೆ ಒದ್ದೆಯಾದ ಸಣ್ಣ ಕಲ್ಲಿನ ಹಾದಿ. (ಒದ್ದೆಯಾಗಿತ್ತು ಎಂದ ಮೇಲೆ ಮಳೆ ಬಂದಿರಲೇಬೇಕು. ಫೋಟೋದ ಕೊಡೆ ಗೆದ್ದಿತು.) ಬಾಗಿಲ ಹತ್ತಿರ ಜನ ಬಗ್ಗಿ ಕಾಲಿನ ಬಳಿ ಏನೋ ಮಾಡುತ್ತಿರುವುದು ಕಾಣಿಸಿತು. ಬೂಟು ಬಿಡಬೇಕು ಅಂತ ಕಾಣುತ್ತದೆ ಎಂದುಕೊಂಡೆ. ಅಷ್ಟು ಅನ್ನಿಸಿದ್ದೇ ತಡ, ಅಲ್ಲೇ, ಮರದ ಬುಡದಲ್ಲೇ, ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೆ. ಒಂದು ಕೈಯಲ್ಲಿ ಕೊಡೆ ಇದ್ದುದರಿಂದ ಒಂದು ಬೂಟನ್ನು ಗೌರಿಯ ಕೈಗೆ ಕೊಟ್ಟೆ.

"ನನಗ್ಯಾಕಲೇ ಇದು?" ಎಂದಳು.

"ಹಿಡಿ ಸ್ವಲ್ಪ."

ನಾವು ಬಾಗಿಲು ಮುಟ್ಟುವ ತನಕ ಗೌರಿ ನನ್ನ ಬೂಟನ್ನು ಎರಡು ಬೆರಳಲ್ಲಿ ಸತ್ತ ಇಲಿಯಂತೆ ತೂಗುಹಾಕಿಕೊಂಡು ಬಂದಳು. ಕೊಟ್ಟೂರಿನ ಕಾಳಿನ ಅಂಗಡಿಯ ಮನೆಮಗಳು ನನ್ನ ಬೂಟು ಹಿಡಿದು ಅರಮನೆಯ ಮುಂದೆ ನಿಂತಿದ್ದಾಳೆ! ಇತಿಹಾಸ ಎಂಥೆಂಥ ದೃಶ್ಯ ತೋರಿಸುತ್ತದೆ, ಆದರೆ ಆ ಹೊತ್ತಿಗೆ ನೋಡಬೇಕಾದವರು ಯಾರೂ ಇರುವುದಿಲ್ಲ.

ಬಾಗಿಲಲ್ಲಿ ಒಂದು ದೊಡ್ಡ ಮರದ ಪೆಟ್ಟಿಗೆ. ಅದರ ತುಂಬ ನಮ್ಮ ಕಂಬಳಿಯಂಥ ದಪ್ಪ ಬಟ್ಟೆಯಲ್ಲಿ ಮಾಡಿದ, ದೋಣಿಯಷ್ಟು ದೊಡ್ಡ ಚಪ್ಪಲಿಗಳು. ದಾರಕ್ಕೆ ಕಟ್ಟಿದ ಕನ್ನಡಕವನ್ನು ಎದೆಯ ಮೇಲೆ ಬಿಟ್ಟುಕೊಂಡಿದ್ದ ಗೈಡ್ ಹೆಂಗಸು ನನ್ನ ಕೈಯನ್ನೂ ಕಾಲನ್ನೂ ನೋಡಿ, ಬೂಟು ಬಿಚ್ಚಬೇಕಿಲ್ಲ, ಬೂಟಿನ ಮೇಲೆಯೇ ಇದನ್ನು ಹಾಕಿಕೊಳ್ಳುವುದು ಎಂದು ಬಹಳ ಮೃದುವಾಗಿ ಹೇಳಿದಳು. ಅಷ್ಟು ಮೃದುವಾಗಿ ಹೇಳಿದ್ದರಿಂದಲೇ ಹಿಂದಿದ್ದ ಇಪ್ಪತ್ತು ಜನಕ್ಕೂ ಕೇಳಿಸಿತು. ಕಾಲುಚೀಲದ ತೂತಿನಿಂದ ನನ್ನ ಹೆಬ್ಬೆರಳು ಹೊರಗೆ ಬಂದು ಅರಮನೆಯನ್ನು ನೋಡುತ್ತಿತ್ತು. ಒದ್ದೆ ಕಾಲುಚೀಲದ ಮೇಲೆ ಬೂಟು ಹಾಕಿ, ಬೂಟಿನ ಮೇಲೆ ಕಂಬಳಿ ಚಪ್ಪಲಿ ಹಾಕಿಕೊಂಡೆ. ಕಾಲು ತಣ್ಣಗಾದದ್ದು ಹೀಗೆ.

"ಇದೇನ್ ಗುಡಿ ಅಂತ ತಿಳಕೊಂಡ್ಯಾ?" ಎಂದು ಗೌರಿ ನಗತೊಡಗಿದಳು. ಆಮೇಲೆ ಸ್ವಲ್ಪ ಯೋಚಿಸಿ, "ಗುಡಿಗಾದ್ರೂ ಬಾಗಲ್ದಾಗ ಬಿಡತೀವಿ. ನೀ ಯಾಕ ಅಷ್ಟ್ ದೂರದಿಂದ ಕೈಯಾಗ ಹಿಡಕೊಂಡ ಬಂದಿ?" ಎಂದಳು.

ಕೀಟಲೆಯ ಪ್ರಶ್ನೆಯೇನಲ್ಲ, ಅವಳಿಗೆ ನಿಜವಾಗಿ ಗೊತ್ತಿರಲಿಲ್ಲ. ನಾನು "ರೂಢಿ" ಎಂದೆ. ಯಾವ ರೂಢಿ ಎಂದು ಅವಳು ಕೇಳಲಿಲ್ಲ. ನಾನು ಕೇಳಿಕೊಂಡೆ. ಭಾರತೀಯರು ಎಲ್ಲೆಂದರಲ್ಲಿ ಪಾದರಕ್ಷೆ ಬಿಡುತ್ತಾರೆ, ಅದು ನಮ್ಮ ಸಂಸ್ಕೃತಿ ಎಂದು ಹೇಳಿ ಪಾರಾಗಬಹುದಿತ್ತು. ಆದರೆ ಪಕ್ಕದಲ್ಲೇ ಇನ್ನೊಬ್ಬ ಭಾರತೀಯಳು ಬೂಟು ಹಾಕಿಕೊಂಡೇ ಬಾಗಿಲ ತನಕ ಬಂದಿದ್ದಳಲ್ಲ.

ಒಳಗೆ ಹೋದೆವು. ಕಂಬಳಿ ಚಪ್ಪಲಿಯಲ್ಲಿ ನಡೆಯಲು ಬರುವುದಿಲ್ಲ, ಜಾರಬೇಕು. ದೊಡ್ಡ ಮನುಷ್ಯರು, ಮುದುಕರು, ಪ್ರೇಮಿಗಳು ಎಲ್ಲರೂ ಕಾಲು ಎಳೆದುಕೊಂಡು ಸರ್ರ್ ಸರ್ರ್ ಎಂದು ಸಾಗುತ್ತಿದ್ದರು. ಹೀಗೆ ನಡೆದರೆ ಮರದ ನೆಲಕ್ಕೆ ಗೀರು ಬೀಳುವುದಿಲ್ಲ, ಜೊತೆಗೆ ಹೊಳಪೂ ಬರುತ್ತದೆ ಎಂದು ಗೈಡ್ ಹೇಳಿದಳು. ನನಗೆ ಭಕ್ತಿ ಉಕ್ಕಿತು. ಟಿಕೆಟ್ ಕೊಂಡು ಬಂದವರಿಂದಲೇ ನೆಲ ಒರೆಸಿಕೊಳ್ಳುವ ಉಪಾಯ ನಮ್ಮ ಕಡೆಯ ಯಾವ ಗೌಡರಿಗೂ ಹೊಳೆದಿರಲಿಲ್ಲ. ಅವರು ನಮ್ಮಜ್ಜಿಯನ್ನು ಕರೆಸುತ್ತಿದ್ದರು. ಅರಮನಿಯ ಹೊರಗಿನ ಅಂಗಳಕ್ಕೆ ಸಗಣಿ ಸಾರಿಸುವುದು ಅವಳ ಪಾಲಿನ ಕೆಲಸ. ಎರಡು ತಲೆಮಾರಿನಲ್ಲಿ ನಾವು ಎಷ್ಟು ಮುಂದೆ ಬಂದೆವೆಂದರೆ, ಮೊಮ್ಮಗಳು ವಿಮಾನ ಹತ್ತಿ ಹೋಗಿ ಒಳಗಿನ ನೆಲ ಒರೆಸಿದಳು.

ಒಂದು ಕೋಣೆಯಲ್ಲಿ ಗೈಡ್ ಗೋಡೆಯನ್ನು ಮೆಲ್ಲಗೆ ತಳ್ಳಿದಳು. ಹೂವಿನ ಚಿತ್ರದ ಗೋಡೆಯೇ ಬಾಗಿಲಾಗಿ ತೆರೆದುಕೊಂಡಿತು. ಆಳುಗಳು ಓಡಾಡಲು ಮಾಡಿದ ಗುಟ್ಟಿನ ದಾರಿ ಅದು. ಸೌದೆ ತರುವವರು, ನೀರು ತರುವವರು, ಮಲದ ಪಾತ್ರೆ ಒಯ್ಯುವವರು ರಾಣಿಯ ಕಣ್ಣಿಗೆ ಬೀಳಬಾರದು. ಎಲ್ಲರೂ "ಓಹ್" ಎಂದು ಫೋಟೋ ತೆಗೆದರು. ನನಗೆ ಆ ರಾಣಿಯ ಮೇಲೆ ಕನಿಕರ ಹುಟ್ಟಿತು. ಪಾಪ, ಆಳುಗಳನ್ನು ಒಳಗೆ ಬಿಟ್ಟುಕೊಂಡು ಕಾಣದಂತೆ ಮಾಡಲು ಎಷ್ಟು ಬಡಗಿಗಳ ಕೈ ನೋಯಿಸಿದ್ದಾಳೆ. ನಮ್ಮೂರಲ್ಲಿ ಒಂದು ಬೇವಿನ ಮರ ಆ ಕೆಲಸ ಮಾಡುತ್ತಿತ್ತು, ಮೊಳೆ ಬಡಿಯದೆ.

ಕನ್ನಡಿಗಳ ಹಜಾರಕ್ಕೆ ಬಂದಾಗ ಗೌರಿ ಕೇಳಿದಳು. "ನಿಮ್ಮೂರ ಅರಮನ್ಯಾಗ ಕನ್ನಡಿ ಎಲ್ಲಿದ್ವು? ಪಡಸಾಲ್ಯಾಗಾ?"

ನೆನಪು ಮಾಡಿಕೊಳ್ಳಲು ಹೋದೆ. ಬಾಗಿಲು ಕಣ್ಣಿಗೆ ಬಂತು. ಬಾಗಿಲ ಕೆಳಭಾಗದ ಕಬ್ಬಿಣದ ಮೊಳೆಗಳು, ಒಂದೊಂದೂ ನಿಂಬೆಹಣ್ಣಿನಷ್ಟು. ಕಟ್ಟೆಯ ಕಲ್ಲಿನ ಮೇಲೆ ಯಾರೋ ಗೀಚಿದ ಚೌಕಾಬಾರದ ಮನೆ. ಎತ್ತಿಗೆ ನೀರು ಕುಡಿಸುವ ಬಾನಿ. ಮೇಲಿನಿಂದ ಬಂದ ಒಂದು ಗಂಡಸಿನ ದನಿ, "ಏ, ಅಲ್ಲೇ ಇಡು." ಕಟ್ಟೆಯ ಅಂಚಿನಲ್ಲಿ ಎರಡು ಕಾಲು. ಅಷ್ಟೇ. ಮುಂದಕ್ಕೆ ಹೋಗಲು ನೋಡಿದೆ, ನೆನಪು ಹೊಸ್ತಿಲಿನಲ್ಲೇ ನಿಂತಿತು. ಎಲ್ಲವೂ ಹೊರಗಿನದು, ಎಲ್ಲವೂ ಕೆಳಗಿನದು. ತೂಗುಮಂಚ ಯಾವುದೋ ಧಾರಾವಾಹಿಯದು. ಆಳೆತ್ತರದ ಕನ್ನಡಿ ಹಗರಿಬೊಮ್ಮನಹಳ್ಳಿಯ ಒಂದು ಬಟ್ಟೆ ಅಂಗಡಿಯದು. ಕೆತ್ತನೆಯ ಕಂಬಗಳನ್ನು ಶಾಲೆಯ ಪ್ರವಾಸದಲ್ಲಿ ಬಾಗಳಿಯ ಗುಡಿಯಲ್ಲಿ ನೋಡಿದ್ದೆ. ಇಪ್ಪತ್ತು ವರ್ಷ ನಾನು ಹೊರಗೆ ನಿಂತುಕೊಂಡೇ ಆ ಮನೆಯ ಒಳಗನ್ನು ಸಾಮಾನು ಹೊತ್ತು ತಂದು ತುಂಬಿಸಿದ್ದೆ.

ಇಲ್ಲಿ ನೆನಪನ್ನು ಅಂತರ್ಜಲಕ್ಕೆ ಹೋಲಿಸಬೇಕೆಂದು ನನ್ನ ಓದು ಒತ್ತಾಯ ಮಾಡುತ್ತಿದೆ. ಹೋಲಿಸುವುದಿಲ್ಲ. ಅಂತರ್ಜಲವಾದರೆ ಅಳತೆಯ ಪಟ್ಟಿ ಇಳಿಸಿ ಎಷ್ಟು ಆಳದಲ್ಲಿದೆ ಎಂದಾದರೂ ನೋಡಬಹುದು.

ಗೌಡರ ಮನೆಯ ಮುಂದೆ ಮೆಟ್ಟು ಬಿಚ್ಚಿ ನಡೆಯಬೇಕಾದಂಥ ಸಂಗತಿಗಳು ನಡೆಯುತ್ತಿದ್ದವೆಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಪುಸ್ತಕಗಳಲ್ಲಿ ಓದಿದ್ದೆ, ಅಡಿಗೆರೆ ಎಳೆದುಕೊಂಡು ಓದಿದ್ದೆ, ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದಿದ್ದೆ. ಆದರೆ ಅದೆಲ್ಲ ಬೇರೆಯವರ ಅಜ್ಜಂದಿರಿಗೆ ಆದದ್ದು. ನಮ್ಮಜ್ಜ ನನ್ನ ಜೊತೆ ಆಟವಾಡುತ್ತಿದ್ದ. ನಮ್ಮಪ್ಪನೋ, ನೌಕರಿ ಸಿಕ್ಕ ಮೇಲೆ ಹರಪನಹಳ್ಳಿಯಲ್ಲಿ ಮನೆ ಕಟ್ಟಿಸಿ, ಪಡಸಾಲೆಯಲ್ಲಿ ಬುದ್ಧನನ್ನು ತಂದಿಟ್ಟು, ಊರಿನ ಮಾತು ಆಡುವುದನ್ನು ಬಿಟ್ಟವರು. ಬುದ್ಧನೂ ಮಾತಾಡುವವನಲ್ಲ.

ಚಪ್ಪಲಿಯ ಚರಿತ್ರೆಯನ್ನು ಯಾರಾದರೂ ಬರೆಯಬೇಕು. ಗದ್ದುಗೆ ಏರಿದ ಪಾದುಕೆಗಳಿವೆ, ಬೆಳ್ಳಿ ಹೊದಿಸಿಕೊಂಡು ಪೂಜೆಗೊಳ್ಳುವ ಪಾದುಕೆಗಳಿವೆ, ಗುಡಿಯ ಮುಂದೆ ಒಡೆಯನನ್ನು ಬದಲಿಸುವ ಚಪ್ಪಲಿಗಳಿವೆ. ಕಂಕುಳಲ್ಲಿ ಕೂತು ಬೀದಿ ದಾಟಿದ ಮೆಟ್ಟುಗಳಿಗೆ ಅದರಲ್ಲಿ ಒಂದು ಅಧ್ಯಾಯವೂ ಸಿಗಲಾರದು. ನೆಲಕ್ಕೆ ತಾಗಿದ್ದರಲ್ಲವೇ ಗುರುತು ಉಳಿಯುವುದು. ತಮಾಷೆಯೆಂದರೆ, ಆ ಮನೆಯ ಕಟ್ಟೆಯ ಮೇಲೆ ನಿಂತಿದ್ದ ಕಾಲಿನ ಮೆಟ್ಟೂ ಅಜ್ಜ ಹೊಲಿದದ್ದೇ, ಕೆಳಗೆ ಕಂಕುಳಲ್ಲಿದ್ದುದೂ ಅವನು ಹೊಲಿದದ್ದೇ. ಒಂದೇ ತೊಗಲು, ಒಂದೇ ದಾರ.

ಸಂಜೆ ಹಾಸ್ಟೆಲಿಗೆ ಬಂದು ಫೋಟೋಗಳನ್ನು ದುರುಗತ್ತೆಗೆ ಕಳಿಸಿದೆ. ದುರುಗತ್ತೆ ಅಪ್ಪನ ಅಕ್ಕ. ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತಳಾಗಿ ಹಗರಿಬೊಮ್ಮನಹಳ್ಳಿಯಲ್ಲಿದ್ದಾಳೆ. ಅವಳಿಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಯಾರೂ ಇನ್ನೂ ಕೇಳಿಲ್ಲ. ಬರೆದು ಕಳಿಸುವ ತಾಳ್ಮೆ ಅವಳಿಗಿಲ್ಲ, ಧ್ವನಿಯನ್ನೇ ಕಳಿಸುತ್ತಾಳೆ. ಎರಡು ನಿಮಿಷದಲ್ಲಿ ಬಂತು.

"ಏನ್ ಯವ್ವಾ, ಕಾಲಿಗೆ ಕಂಬಳಿ ಸುತಗೊಂಡು ನಿಂತೀಯಲ್ಲ? ಅಲ್ಲಿ ಮಂದಿಗೆ ಕಾಲು ಬಾಯ್ತಾವೇನು? ಅಷ್ಟ್ ದೊಡ್ಡ ಮನಿ ಕಟ್ಯಾರ, ಒಂದ್ ಜೋಡಿ ಚಲೋ ಚಪ್ಪಲಿ ಹೊಲಿಯಾರು ಸಿಗಲಿಲ್ಲೇನು ಅವರಿಗೆ? ನಮ್ಮಪ್ಪ ಇದ್ದಿದ್ರ ನೋಡಿ ನಗತಿದ್ದ."

ನಾನೂ ನಗುತ್ತಾ ಬೂಟಿನ ಕಥೆಯನ್ನು ಹೇಳಿ ಕಳಿಸಿದೆ. ಮರದ ಬುಡದಲ್ಲೇ ಬಿಚ್ಚಿದ್ದು, ಒಂದನ್ನು ಗೌರಿಗೆ ಕೊಟ್ಟದ್ದು, ತೂತಿನ ಕಾಲುಚೀಲ, ಎಲ್ಲ. ಅವಳು ಬಿದ್ದು ಬಿದ್ದು ನಗುತ್ತಾಳೆ, ಮುಂದಿನ ಮದುವೆಮನೆಯಲ್ಲಿ ನಾಲ್ಕು ಜನಕ್ಕೆ ಹೇಳುತ್ತಾಳೆ ಎಂದುಕೊಂಡಿದ್ದೆ. ಬಂದದ್ದು ಪುಟ್ಟ ಸಂದೇಶ. ಮೊದಲು ಪಾತ್ರೆಯ ಸದ್ದು, ಆಮೇಲೆ, "ಬೂಟ್ ಹಾಕ್ಕೊಂಡ ಅಡ್ಡಾಡು ಯವ್ವಾ. ಥಂಡಿ ಐತಿ ಅಲ್ಲಿ."

ಅದನ್ನು ಎಷ್ಟು ಸಲ ಕೇಳಿದೆನೋ. ಪ್ರಾಧ್ಯಾಪಕರಿಗೆ ಕೇಳಿಸಿದ್ದರೆ ಇದರಲ್ಲೂ ಮಣ್ಣಿನ ಜ್ಞಾನ ಹುಡುಕುತ್ತಿದ್ದರು.

ಆಮೇಲೆ ಊರಿಗೆ ಬಂದಾಗ ಹಗರಿಬೊಮ್ಮನಹಳ್ಳಿಗೆ ಹೋದೆ. ದುರುಗತ್ತೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿ ಬಡಿಯುವಾಗ ಅವಳ ನಾಲಗೆಗೂ ಕೈಗೂ ಪೈಪೋಟಿ. ನನ್ನ ಮದುವೆ, ನಾನು ಇಳಿದುಹೋದದ್ದು, ಪಕ್ಕದ ಮನೆಯವರ ಸೊಸೆ, ನೀರು ಬಿಡದ ಪಂಚಾಯ್ತಿ, ಎಲ್ಲ ಒಂದು ಸುತ್ತು ಆಯಿತು. ನಡುವೆ ನಾನೇ ಅರಮನಿಯ ಮಾತು ತೆಗೆದೆ.

"ಅದೆಲ್ಲ ಈಗ ಎಲ್ಲೈತಿ? ಅರ್ಧ ಬಿದ್ದೈತಿ. ಉಳಿದಿದ್ದರಾಗ ಗೊಬ್ಬರದ ಅಂಗಡಿ ಐತಿ" ಎಂದಳು.

"ನಾನು ಒಳಗ ಹೋಗೀನೇನತ್ತಿ, ಸಣ್ಣಾಕಿದ್ದಾಗ?"

"ಯಾರು ಬಿಡತಿದ್ರು ಒಳಗ?" ಎಂದಳು, ನೀರು ಬಿಡದ ಪಂಚಾಯ್ತಿಯ ಬಗ್ಗೆ ಹೇಳಿದ ದನಿಯಲ್ಲೇ. "ಅಷ್ಟೊತ್ತಿಗಾಗ್ಲೇ ಚಪ್ಪಲಿ ಬಿಡು ಅಂತ ಯಾರೂ ಅಂತಿರಲಿಲ್ಲ. ಹಾಕ್ಕೊಂಡ ಬಾ ಅಂತನೂ ಯಾರೂ ಅನಲಿಲ್ಲ. ನಮ್ಮಪ್ಪ ಬಿಡತಿದ್ದ, ಅಷ್ಟ."

ಅಲ್ಲಿಗೆ ಒಂದು ಅನುಮಾನ ಮುಗಿಯಿತು. ಆದರೆ ನಾನು ಹೋದದ್ದು ಅದಕ್ಕಲ್ಲ. ನನಗೆ ಬೇಕಾಗಿದ್ದುದು ಆಟ. ಅಜ್ಜ ನಿಜವಾಗಿ ನನ್ನ ಜೊತೆ ಆ ಆಟ ಆಡಿದ್ದನೇ? ಅಥವಾ ತೂಗುಮಂಚದ ಹಾಗೆ ಅದನ್ನೂ ನಾನೇ ತಂದಿಟ್ಟೆನೇ? ಸೀಟಿಗಾಗಿ ಬರೆದ ಪತ್ರ ಸುಳ್ಳಾದರೆ ಆಗಲಿ, ಬೇರೆ ಪತ್ರ ಬರೆಯಬಹುದು. "ಸಪ್ಪಳಾದ್ರ ನೀ ಸೋತಂಗ" ಎಂಬ ಮಾತು ಹೋದರೆ ಅಜ್ಜನದೆಂದು ನನ್ನ ಹತ್ತಿರ ಬೇರೇನೂ ಇಲ್ಲ. ಅವನ ಒಂದು ಫೋಟೋ ಇದೆ, ಅದು ಆಧಾರ್ ಕಾರ್ಡಿನದು, ಅದರಲ್ಲಿ ಅವನು ಕಳ್ಳನಂತೆ ಕಾಣುತ್ತಾನೆ.

ನಿಜ ಹೇಳಬಲ್ಲವರು ಈಗ ಒಬ್ಬರೇ. ದುರುಗತ್ತೆಯೂ ಒಂದು ಕಾಲಕ್ಕೆ ಆರು ವರ್ಷದವಳಾಗಿದ್ದಳು. ಅವಳೂ ಅವನ ಬೆರಳು ಹಿಡಿದು ಆ ಬೇವಿನ ಮರ ದಾಟಿ ಹೋದವಳು. ಅಂಗನವಾಡಿಯಲ್ಲಿ ಊರ ಮಕ್ಕಳಿಗೆಲ್ಲ ಆಟ ಕಲಿಸಿದವಳು ಆಟವೊಂದನ್ನು ಮರೆಯುವುದುಂಟೇ. ಆದ್ದರಿಂದ ಕೇಳಿದೆ.

ಬಡಿಯುತ್ತಿದ್ದ ಕೈ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಉಬ್ಬಿ, ಸೀದು, ಕಪ್ಪಾಯಿತು. ರೊಟ್ಟಿ ಸೀದದ್ದನ್ನು ಆ ಮನೆಯಲ್ಲಿ ನಾನು ನೋಡಿದ್ದು ಅದೇ ಮೊದಲು. ಅದನ್ನು ತೆಗೆದು ಪಕ್ಕಕ್ಕಿಟ್ಟು, ಹೊಸ ಹಿಟ್ಟಿನ ಉಂಡೆ ಮಾಡಿ, "ಬಿಸೀದು ತಿನ್ನು ಮೊದ್ಲ" ಎಂದಳು. ತಿಂದೆ. ಅದಾದ ಮೇಲೆ ಅವಳಿಂದ ಎಷ್ಟೋ ಸಂದೇಶ ಬಂದಿವೆ. ಮಳೆಯ ಸುದ್ದಿ, ಮದುವೆಯ ಸುದ್ದಿ, ಗ್ಯಾಸಿನ ದರದ ಸುದ್ದಿ. ಇದೊಂದಕ್ಕೆ ಮಾತ್ರ ಉತ್ತರ ಬಂದಿಲ್ಲ. ನಾನು ಮತ್ತೆ ಕೇಳಿಲ್ಲ. ಆದರೆ ಅಂದು ಕೇಳಿದ್ದು ಏನೆಂಬುದರಲ್ಲಿ ನನ್ನ ನೆನಪು ತಪ್ಪಿಲ್ಲ, ಆ ಸಂಜೆಯೇ ದಿನಚರಿಯಲ್ಲಿ ಬರೆದಿಟ್ಟಿದ್ದೇನೆ:

"ಅತ್ತಿ, ಅಜ್ಜ ನಿನಗೂ ಅದನ್ನ ಆಟ ಅಂತನ ಹೇಳಿದ್ದನೇನು?"